ಹೆಸ್ಟರ್ ಮುಟ್ಟಿ ನೋಡದ ಹಕ್ಕಿಗಳು

ಬೇಟೆಗಾಲ ಮುಗಿದ ಮಾರನೆಯ ದಿನ ಹೆಸ್ಟರ್ ಐವ್ಸನ್ ಮನೆಯ ಹಿತ್ತಲಿಗೆ ಯಾರೂ ಹೋಗುವುದಿಲ್ಲ. ಹೋದವರ ಕೈಗೆ ಕೆಲಸ ಅಂಟಿಕೊಳ್ಳುತ್ತದೆ ಎಂದು ಆ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು. ಫೆಬ್ರವರಿ ಮೊದಲ ತಾರೀಖು ಕೋವಿಗಳನ್ನು ಒರೆಸಿ, ಎಣ್ಣೆ ಹಚ್ಚಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಈಡುಗಾರರ ಪಾಲಿಗೆ ಎಲ್ಲ ಮುಗಿಯಿತು. ಕೋಲು ಬಡಿಯುತ್ತಾ ಕಾಡು ಸೋವಿ ಹಕ್ಕಿಗಳನ್ನು ಎಬ್ಬಿಸುತ್ತಿದ್ದವರೂ ಬೂಟು ತೊಳೆದು ಒಲೆಯ ಮುಂದೆ ಕಾಲು ಚಾಚುತ್ತಾರೆ. ನಾಲ್ಕು ತಿಂಗಳು ಮುಳ್ಳುಪೊದೆ, ಕೆಸರು, ಮಂಜುಗಟ್ಟಿದ ತೊರೆ ಅಂತ ನೋಡದೆ ಓಡಿದ ನಾಯಿಗಳನ್ನು ಕೇಳುವವರು ಯಾರು? ತನ್ನನ್ನು ಬಿಟ್ಟರೆ ಯಾರೂ ಇಲ್ಲ ಎಂಬುದು ಹೆಸ್ಟರಳ ಗಟ್ಟಿ ನಂಬಿಕೆ. ಉಗುರುಬೆಚ್ಚಗಿನ ಉಪ್ಪುನೀರು, ಚಿಮುಟ, ಸೂಜಿ, ಹಳೆಯ ಟವೆಲುಗಳ ರಾಶಿ, ಒಂದು ಡಬ್ಬಿ ವ್ಯಾಸಲೀನು ಇಟ್ಟುಕೊಂಡು ಅವಳು ಹಿತ್ತಲಲ್ಲಿ ಕೂತರೆ ಕತ್ತಲಾಗುವವರೆಗೂ ಏಳುತ್ತಿರಲಿಲ್ಲ.

ಅವಳ ಅಪ್ಪ ಯಾರ್ಕ್‌ಶೈರಿನ ಆ ಕಾಡಿಗೇ ಬೇಟೆಹಕ್ಕಿಗಳನ್ನು ಸಾಕಿ ಕಾಯುವ ಕೀಪರ್ ಆಗಿದ್ದವನು. ಗೊಂಬೆ ಆಡುವ ವಯಸ್ಸಿನಲ್ಲಿ ಅವಳು ನಾಯಿಮರಿಗಳ ಹೇಲು ಬಾಚುತ್ತಿದ್ದಳು. ಈಗ ಐವತ್ತೆಂಟು ವರ್ಷ. ವಾರದ ದಿನಗಳಲ್ಲಿ ಊರ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ. ಬೇಟೆಯ ದಿನ ರಜೆ ಹಾಕಿ ನಾಯಿಗಳ ಜೊತೆ ಕಾಡಿಗೆ. ಗುಂಡು ತಗುಲಿ ಬಿದ್ದ ಫೆಸೆಂಟ್ ಹಕ್ಕಿಗಳನ್ನು ನಾಯಿಯಿಂದ ಹೆಕ್ಕಿಸಿ ತರುವವರಿಗೆಲ್ಲ ಅವಳೇ ಯಜಮಾನಿ. ನಾಲಿಗೆ ಹರಿತ. ಯಾರ ನಾಯಿ ಸೊರಗಿದೆ, ಯಾರು ಮಳೆಯಲ್ಲಿ ನೆನೆದ ನಾಯಿಯನ್ನು ಒರೆಸದೆ ವ್ಯಾನಿಗೆ ತುಂಬಿದರು, ಒಂದೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವೂ ಅವಳಿಗಿಲ್ಲ. ಈಗಿನ ಕೀಪರ್ ರೆಗ್ ಕಾಲ್ವರ್ಟ್‌ನಂಥ ಆರಡಿ ಆಳೂ ಅವಳ ಎದುರು ತನ್ನ ನಾಯಿಯ ಕಿವಿ ಎತ್ತಿ ತೋರಿಸಿಯೇ ಮುಂದೆ ಹೋಗುತ್ತಿದ್ದ.

ಈ ಕೆಲಸದಲ್ಲಿ ನಾಯಿಯ ಮಾನವೆಲ್ಲ ಇರುವುದು ಅದರ ಬಾಯಿಯಲ್ಲಿ. ಹಕ್ಕಿಯನ್ನು ಕಚ್ಚದೆ, ಅದುಮದೆ, ಗರಿ ಕೆಡದಂತೆ ತಂದು ಕೈಗೆ ಕೊಡಬೇಕು. ಪಕ್ಕೆ ಮುರಿದ ಹಕ್ಕಿ ಅಡುಗೆಗೆ ಬಾರದು, ವ್ಯಾಪಾರಿಯೂ ಮುಟ್ಟುವುದಿಲ್ಲ. ಅದಕ್ಕೇ ನಾಯಿ ತಂದ ಪ್ರತಿಯೊಂದು ಹಕ್ಕಿಯ ಎದೆಯ ಎರಡೂ ಬದಿಗೆ ಹೆಬ್ಬೆರಳು, ತೋರುಬೆರಳು ಇಟ್ಟು ಮೆಲ್ಲನೆ ಒತ್ತಿ ನೋಡುವ ಪದ್ಧತಿ. ಮೂಳೆ ಗಟ್ಟಿಯಾಗಿ ಕೈಗೆ ಸಿಕ್ಕರೆ ಸರಿ. ಒಳಗೆ ಕುಸಿದರೆ ನಾಯಿ ಕಚ್ಚಿದೆ ಎಂದೇ ಲೆಕ್ಕ. ಕಚ್ಚುವ ಚಾಳಿ ಹತ್ತಿದ ನಾಯಿಯನ್ನು ಯಾರೂ ಕಾಡಿಗೆ ಸೇರಿಸುವುದಿಲ್ಲ. ಹೊಸಬರಿಗೆ ಹೆಸ್ಟರ್ ಕಲಿಸುತ್ತಿದ್ದ ಮೊದಲ ಪಾಠ ಇದೇ: "ಕಣ್ಣನ್ನ ನಂಬಬೇಡಿ, ನಾಯಿನೂ ನಂಬಬೇಡಿ, ಬೆರಳನ್ನ ನಂಬಿ." ತನ್ನ ಕಪ್ಪು ಲ್ಯಾಬ್ರಡಾರ್ ಫರ್ನ್ ತಂದ ಹಕ್ಕಿಗಳನ್ನು ಮಾತ್ರ ಅವಳು ಮುಟ್ಟಿ ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹಸಿ ಕೋಳಿಮೊಟ್ಟೆಯನ್ನು ಬಾಯಲ್ಲಿ ಹಿಡಿದು ಇಡೀ ಅಂಗಳ ದಾಟಿ ಬರುವ ನಾಯಿ ಅದು. ಅದರ ಹಕ್ಕಿಯನ್ನು ಒತ್ತಿ ನೋಡುವುದೆಂದರೆ ಅದಕ್ಕೆ ಅವಮಾನ ಮಾಡಿದಂತೆ ಎಂದುಕೊಂಡಿದ್ದಳು.

ಆ ವರ್ಷ ಹೊಸದಾಗಿ ಸೇರಿದವನು ಲೆನ್ ಸ್ಟಬ್ಸ್. ಗ್ರಿಮ್ಸ್‌ಬಿಯ ಮೀನುಬಂದರಿನವನು, ಟಪಾಲು ಹಂಚುವ ಕೆಲಸದ ಮೇಲೆ ಕಣಿವೆಗೆ ಬಂದಿದ್ದ. ಅವನ ಸ್ಪ್ಯಾನಿಯಲ್ ನಾಯಿಯ ವಂಶ ಯಾವುದೋ, ಅದು ಯಾರ ಮನೆಯಲ್ಲಿ ಬೇಡವಾಗಿತ್ತೋ. ಅನಾಥ ನಾಯಿಗಳ ಆಶ್ರಯದಿಂದ ತಂದಿದ್ದ. ಅದರ ಹೆಸರು ಕಸ್ಟರ್ಡ್. ಮೊದಲ ದಿನ ಆ ಹೆಸರು ಕೇಳಿ ರೆಗ್, "ನಾಯಿ ತಂದ್ಯೋ, ಊಟ ಆದ್ಮೇಲೆ ತಿನ್ನೋಕೆ ಏನಾದ್ರೂ ತಂದ್ಯೋ?" ಎಂದು ಕೇಳಿದ್ದ. ಲೆನ್ ಎಲ್ಲರ ಜೊತೆ ತಾನೂ ನಕ್ಕಿದ್ದ. ಹೆಸ್ಟರ್ ಹೇಳಿದ ಪ್ರತಿ ಮಾತನ್ನೂ ಅವನು ವೇದವಾಕ್ಯದಂತೆ ಪಾಲಿಸುತ್ತಿದ್ದ. ಕಸ್ಟರ್ಡ್ ತಂದ ಒಂದೊಂದು ಹಕ್ಕಿಯನ್ನೂ ಕೈಗವಸು ಕಳಚಿ, ಚಳಿಗೆ ಕೆಂಪಾದ ಬೆರಳಿನಿಂದ ಒತ್ತಿ ನೋಡಿಯೇ ಕೋಲಿಗೆ ತೂಗುಹಾಕುತ್ತಿದ್ದ.

ಜನವರಿಯ ಕೊನೆಗೆ, ಇನ್ನೊಂದೇ ಬೇಟೆ ಬಾಕಿ ಇರುವಾಗ, ಆ ರಗಳೆ ಹುಟ್ಟಿತು. ಹಕ್ಕಿಗಳನ್ನು ಜೋಡಿಕಟ್ಟಿ ಗಾಡಿಗೆ ತೂಗುಹಾಕುವ ಮುದುಕ ಸೆತ್ ಪೀಕಾಕ್ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಸೇರಿದ್ದ ಕೊಟ್ಟಿಗೆಯೊಳಗೆ ಬಂದು ಐದಾರು ಹಕ್ಕಿಗಳನ್ನು ಮೇಜಿನ ಮೇಲೆ ಎಸೆದ.

"ಬೀಚ್ ಮರದ ತೋಪಿನ ಕಡೆಯಿಂದ ಬಂದಿದ್ದು ಇವು. ಒತ್ತಿ ನೋಡಿ. ಯಾವ್ದೋ ನಾಯಿ ಕಚ್ತಾ ಇದೆ."

ತೋಪಿನ ಕಡೆ ಆ ದಿನ ನಿಂತಿದ್ದವರು ಇಬ್ಬರೇ, ಹೆಸ್ಟರ್ ಮತ್ತು ಲೆನ್. ರೆಗ್ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿ ಹೆಸ್ಟರಳ ಮುಖ ನೋಡಿದ. ಅವಳು ಚಹಾದ ಲೋಟ ಕೆಳಗಿಡಲೂ ಇಲ್ಲ.

"ನನ್ನ ಮುಖ ಯಾಕೆ ನೋಡ್ತೀಯ ರೆಗ್? ಇದ್ರಲ್ಲಿ ಕೇಳೋದೇನಿದೆ? ಆ ಕಸ್ಟರ್ಡ್‌ದೇ ಕೆಲಸ."

ಲೆನ್ ಎದ್ದು ನಿಂತ. "ಇಲ್ಲ ಮಿಸೆಸ್ ಐವ್ಸನ್. ನಾನು ಒಂದೊಂದನ್ನೂ ಒತ್ತಿ ನೋಡಿದೀನಿ. ನೀವು ಹೇಳ್ಕೊಟ್ಟ ಹಾಗೇ. ಎಲ್ಲಾ ಗಟ್ಟಿಯಾಗೇ ಇದ್ವು."

"ಯಾವ ಕೈಯಲ್ಲಿ ನೋಡ್ದೆ? ಕಾಗದ ವಿಂಗಡಿಸೋ ಕೈಯಲ್ಲಾ? ಲಕೋಟೆ ಒಳಗೆ ಏನಿದೆ ಅಂತ ಒತ್ತಿ ನೋಡೋದು ಬೇರೆ, ಹಕ್ಕಿ ಒತ್ತಿ ನೋಡೋದು ಬೇರೆ ಕಣಪ್ಪ."

ಕೊಟ್ಟಿಗೆ ತುಂಬಾ ನಗು ಎದ್ದಿತು. ಲೆನ್ ಕಿವಿಯವರೆಗೂ ಕೆಂಪಾದ. ಅವನು ಇನ್ನೇನೋ ಹೇಳಲು ಬಾಯಿ ತೆರೆದ, ನಗು ನಿಲ್ಲದ್ದನ್ನು ಕಂಡು ಕೂತ. ಫರ್ನ್ ಇರಬಹುದೇ ಎಂದು ಯಾರೂ ಕೇಳಲಿಲ್ಲ. ಹೆಸ್ಟರಳಿಗೂ ಆ ಯೋಚನೆ ಹತ್ತಿರ ಸುಳಿಯಲಿಲ್ಲ. ಊಟದ ನಂತರ ರೆಗ್ ಲೆನ್‌ನ ಭುಜ ತಟ್ಟಿ, "ಮಧ್ಯಾಹ್ನ ಕಸ್ಟರ್ಡ್ ವ್ಯಾನಲ್ಲೇ ಇರ್ಲಿ. ಕೊನೇ ಬೇಟೆಗೂ ಬಿಟ್ಟು ಬಾ, ಏನೂ ಅಂದ್ಕೋಬೇಡ," ಎಂದ.

ಸಂಜೆ ವ್ಯಾನುಗಳ ಹತ್ತಿರ ಲೆನ್ ಅವಳನ್ನು ಹುಡುಕಿಕೊಂಡು ಬಂದ. ಮಧ್ಯಾಹ್ನದ ಕೋಪ ಅವನಲ್ಲಿ ಉಳಿದಿರಲಿಲ್ಲ. ಅಷ್ಟು ಜನ ನಕ್ಕ ಮೇಲೆ ತನ್ನ ಬೆರಳಿನ ಮೇಲೆ ತನಗೇ ನಂಬಿಕೆ ಹೋಗಿತ್ತು. "ಈ ಕಚ್ಚೋ ಚಾಳಿ ಬಿಡಿಸೋಕೆ ಏನಾದ್ರೂ ದಾರಿ ಇದ್ಯಾ ಮಿಸೆಸ್ ಐವ್ಸನ್? ಅವನಿಗೆ ಈ ಕೆಲಸ ಅಂದ್ರೆ ಪ್ರಾಣ. ಬೇಟೆ ದಿನ ನಾನು ಬೂಟು ಹಾಕೋ ಮೊದ್ಲೇ ಬಾಗಿಲ ಹತ್ರ ಕೂತಿರ್ತಾನೆ."

ಹೆಸ್ಟರಳಿಗೆ ಆಗ ಪಾಪ ಅನ್ನಿಸಿತು. ದೊಡ್ಡ ಮನಸ್ಸು ಮಾಡಿದವಳಂತೆ ಅಪ್ಪನ ಕಾಲದ ಮದ್ದು ಹೇಳಿಕೊಟ್ಟಳು. ಸತ್ತ ಪಾರಿವಾಳಕ್ಕೆ ಮುಳ್ಳುತಂತಿ ಸುತ್ತಬೇಕು, ತಂತಿಯ ತುದಿ ಸ್ವಲ್ಪ ಹೊರಗೆ ಚಾಚಿರಬೇಕು. ಅದನ್ನೇ ಎಸೆದು ತರಿಸಬೇಕು. ಬಾಯಿ ಬಿಗಿ ಮಾಡಿದರೆ ಚುಚ್ಚುತ್ತದೆ. "ಒಂದು ವಾರ ಬಿಡದೆ ಮಾಡು. ಅಯ್ಯೋ ಪಾಪ ಅಂತ ಕರಗಬೇಡ," ಎಂದಳು. ತಾನು ಒಂದು ನಾಯಿಗೂ ಹಾಗೆ ಮಾಡಿದವಳಲ್ಲ, ಮಾಡಲು ಮನಸ್ಸು ಬಂದಿರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಕೊನೆಯ ಬೇಟೆಗೆ ಲೆನ್ ನಾಯಿಯಿಲ್ಲದೆ ಬಂದು, ಸೋವುವವರ ಸಾಲಿನಲ್ಲಿ ಕೋಲು ಹಿಡಿದು ನಡೆದ. ಹೆಸ್ಟರ್ ಕೂಡ ಫರ್ನ್‌ಗೆ ಅಂಗಾಲು ಒಡೆದಿದೆ ಎಂದು ಅದನ್ನು ಮನೆಯಲ್ಲೇ ಬಿಟ್ಟು ತನ್ನ ಉಳಿದ ಕಿರಿಯ ನಾಯಿಗಳನ್ನು ತಂದಿದ್ದಳು. ಸಂಜೆ ಸೆತ್ ಎಲ್ಲ ಹಕ್ಕಿಗಳನ್ನೂ ಒತ್ತಿ ನೋಡಿ ಒಂದೂ ಜಖಂ ಆಗಿಲ್ಲ ಎಂದ. "ನೋಡಿದ್ರಾ?" ಎಂದಳು ಹೆಸ್ಟರ್, ಲೆನ್‌ಗೂ ಕೇಳುವಂತೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮಾರನೆಯ ದಿನ ಅವಳು ಎಂದಿನಂತೆ ಹಿತ್ತಲಲ್ಲಿ ಕೂತಳು. ಕಿರಿಯ ನಾಯಿಗಳ ಕೆಲಸ ಬೇಗ ಮುಗಿಯಿತು. ಫರ್ನ್‌ನ ಸರದಿ ಬಂದಾಗ ಅದರ ಕಾಲುಗಳನ್ನು ಉಪ್ಪುನೀರಿನಲ್ಲಿ ಅದ್ದಿ, ಬೆರಳುಗಳ ಸಂದಿಯಿಂದ ಮುಳ್ಳು ತೆಗೆದು, ಒಡೆದ ಅಂಗಾಲಿಗೆ ವ್ಯಾಸಲೀನು ತಿಕ್ಕಿದಳು. ಕಿವಿ ಮೂಸಿ ನೋಡಿದಳು. ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ಈಚೆಗೆ ಅದು ಬಟ್ಟಲಿನ ಗಟ್ಟಿ ಬಿಸ್ಕತ್ತನ್ನು ಹಾಗೇ ಬಿಡುತ್ತಿತ್ತು. ಸುಸ್ತಾಗಿದೆ ಎಂದು ಹೆಸ್ಟರ್ ಬಿಸಿ ಸಾರು ಸುರಿದು ಮೆತ್ತಗೆ ಮಾಡಿ ಕೊಡುತ್ತಿದ್ದಳು. ಇನ್ನು ಎರಡು ತಿಂಗಳು ಚೆನ್ನಾಗಿ ತಿಂದು ಮಲಗು ಎಂದು ಅದರೊಂದಿಗೆ ಮಾತಾಡುತ್ತಾ ಕೊನೆಗೆ ಬಾಯಿ ತೆರೆಸಿದಳು.

ಮೇಲಿನ ದವಡೆಯ ದೊಡ್ಡ ಹಲ್ಲು ಉದ್ದಕ್ಕೆ ಸೀಳಿತ್ತು. ಸೀಳಿದ ಚೂರು ಒಸಡಿಗೆ ಅಂಟಿಕೊಂಡು ಅಲುಗಾಡುತ್ತಿತ್ತು. ಸುತ್ತ ಊದಿ ಕೀವು ಕಟ್ಟಿತ್ತು, ಕೆಟ್ಟ ವಾಸನೆ. ಬೆರಳು ಹತ್ತಿರ ಹೋದರೆ ಸಾಕು, ಫರ್ನ್‌ನ ಮೈಯೆಲ್ಲ ನಡುಗಿತು. ಆದರೂ ಅದು ಬಾಯಿ ಎಳೆದುಕೊಳ್ಳಲಿಲ್ಲ; ಹೆಸ್ಟರ್ ಹಿಡಿದಿದ್ದಾಳೆಂದು ಸುಮ್ಮನೆ ನಿಂತಿತ್ತು.

ಪೇಟೆಯ ಪಶುವೈದ್ಯೆ ಚಿಕ್ಕ ವಯಸ್ಸಿನವಳು, ಹೆಸ್ಟರ್ ಯಾರೆಂದು ಅರಿಯದವಳು. ಬೆಳಕು ಬಿಟ್ಟು ನೋಡಿ, "ಇದು ಆಗಿ ವಾರಗಟ್ಟಲೆ ಆಗಿದೆಯಲ್ಲಮ್ಮ. ನೀವು ಬಾಯಿ ನೋಡೋದೇ ಇಲ್ವಾ?" ಎಂದು ಕೇಳಿದಳು. ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ಹೆಸ್ಟರ್ ಎಷ್ಟು ಜನಕ್ಕೆ ಕೇಳಿದ್ದಳೋ. ವೈದ್ಯೆ ಕೈ ತೊಳೆಯುತ್ತಾ ಮುಂದುವರಿಸಿದಳು: "ಹಕ್ಕಿ ಬಾಯಲ್ಲಿ ಒದ್ದಾಡಿದ್ರೆ ಆ ಹಲ್ಲಿಗೆ ತಾಗತ್ತೆ. ತಾಗದೇ ಇರ್ಲಿ ಅಂತ ನಾಯಿ ಇನ್ನೊಂದು ಕಡೆಯಿಂದ ಬಿಗಿಯಾಗಿ ಅದುಮಿ ಹಿಡಿಯತ್ತೆ. ಇದು ತಂದ ಹಕ್ಕಿಗಳ ಪಕ್ಕೆ ಮುರಿದಿರ್ಲಿಲ್ವಾ?"

"ನೋಡ್ಲಿಲ್ಲ," ಎಂದಳು ಹೆಸ್ಟರ್.

ಫರ್ನ್‌ನನ್ನು ಹಲ್ಲು ಕೀಳಿಸಲು ಅಲ್ಲೇ ಬಿಟ್ಟು ಮನೆಗೆ ಬಂದವಳು ಕೋಟು ಬಿಚ್ಚದೆ ನೇರ ಶೆಡ್ಡಿಗೆ ಹೋದಳು. ಮನೆಗೆ ಒಯ್ಯಲು ರೆಗ್ ಕೊಟ್ಟಿದ್ದ ಒಂದು ಜೋಡಿ ಹಕ್ಕಿ ಅಲ್ಲಿ ಮೊಳೆಗೆ ತೂಗುತ್ತಿತ್ತು. ತೋಪಿನ ಕಡೆ ಆ ದಿನ ಫರ್ನ್ ತಂದವುಗಳಲ್ಲೇ ಆರಿಸಿಕೊಂಡಿದ್ದು. ಗರಿ ಒಂದಿಷ್ಟೂ ಕೆಟ್ಟಿರಲಿಲ್ಲ, ನೋಡಲು ಚೆಂದವಾಗಿದ್ದವು. ಎದೆಯ ಎರಡೂ ಬದಿಗೆ ಬೆರಳಿಟ್ಟಳು. ಒಂದು ಪಕ್ಕ ಪೂರ್ತಿ ಒಳಗೆ ಕುಸಿಯಿತು. ಇನ್ನೊಂದು ಹಕ್ಕಿಯೂ ಹಾಗೇ. ಯಾರೂ ಇಲ್ಲದ ಆ ಶೆಡ್ಡಿನಲ್ಲಿ ಅವಳ ಮುಖ ಕಾದು ಕೆಂಡವಾಯಿತು. ಬೆರಳನ್ನು ನಂಬಿ ಎಂದು ಊರಿಗೆಲ್ಲ ಹೇಳುತ್ತಿದ್ದವಳು ತನ್ನ ಬೆರಳನ್ನು ಕೋಟಿನ ಜೇಬಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದಳು. ಆ ಟಪಾಲಿನವನು ಗವಸು ಕಳಚಿ ನೋಡಿದ್ದ, ನಿಜ ಹೇಳಿದ್ದ, ಅವನ ಮೇಲೆ ನಗೆ ಎಬ್ಬಿಸಿದ್ದಳು. ಇವಳ ಮುದ್ದಿನ ನಾಯಿಯೋ, ನೋವು ನುಂಗಿಕೊಂಡು ಇವಳಿಗಾಗಿ ಹಕ್ಕಿ ಹೊತ್ತಿತ್ತು. ಎರಡರಲ್ಲಿ ಯಾವುದಕ್ಕೆ ಮೊದಲು ನಾಚಬೇಕೋ ಅವಳಿಗೆ ತಿಳಿಯಲಿಲ್ಲ.

ಆಮೇಲೆ ನೆನಪಾದದ್ದು ತಂತಿ. ಒಂದು ವಾರ ಬಿಡದೆ ಮಾಡು ಎಂದಿದ್ದಳು. ಹೇಳಿ ವಾರ ಮುಗಿಯುತ್ತಾ ಬಂದಿತ್ತು. ಇನ್ನೂ ಶುರು ಮಾಡಿರದಿದ್ದರೆ ಸಾಕು, ತಂತಿ ಸಿಗದೇ ಹೋಗಿದ್ದರೆ ಸಾಕು ಎಂದುಕೊಳ್ಳುತ್ತಾ ಅವಳು ಮತ್ತೆ ವ್ಯಾನು ಹತ್ತಿದಳು.

ಲೆನ್‌ನ ಮನೆ ಪೇಟೆಯ ಅಂಚಿನ ಸಾಲುಮನೆಗಳಲ್ಲಿ ಒಂದು. ಬಾಗಿಲು ತೆರೆದವನು ಅವಳನ್ನು ಕಂಡು ಗಾಬರಿಯಾಗಿ, "ಬನ್ನಿ ಮಿಸೆಸ್ ಐವ್ಸನ್, ಚಳೀಲಿ ನಿಂತ್ರಲ್ಲ," ಎಂದು ಅಡುಗೆಮನೆಗೆ ಕರೆದ. ಕಸ್ಟರ್ಡ್ ಮೇಜಿನ ಕೆಳಗಿತ್ತು. ಯಾರು ಬಂದರೂ ಏನಾದರೊಂದು ವಸ್ತು ಬಾಯಲ್ಲಿ ಹಿಡಿದು ಎದುರುಗೊಳ್ಳುವ ನಾಯಿ ಅಲ್ಲೇ ಮುದುಡಿ ಕೂತಿತ್ತು. ತುಟಿಯ ಮೇಲೆ ಎರಡು ಕಡೆ ಹೆಪ್ಪುಗಟ್ಟಿದ ಗಾಯ ಕಂಡಿತು.

"ನೀವು ಹೇಳಿದ ಹಾಗೇ ಮಾಡ್ದೆ," ಎಂದ ಲೆನ್, ಕೆಟಲು ಒಲೆಗಿಡುತ್ತಾ. "ಎರಡು ದಿನ ತಂದ. ಬಾಯಲ್ಲಿ ರಕ್ತ ಬಂದ್ರೂ ತಂದ. ಕರಗಬೇಡ ಅಂದಿದ್ರಲ್ಲ, ಬಿಡದೆ ಮಾಡಿಸ್ದೆ. ಆಮೇಲೆ ಪಾರಿವಾಳ ಕಂಡ್ರೆ ಉಚ್ಚೆ ಹೊಯ್ಕೊಳ್ಳೋಕೆ ಶುರು ಮಾಡ್ದ. ಈಗ ಚೆಂಡು ಮುಟ್ಟಲ್ಲ, ಚಪ್ಲಿ ಮುಟ್ಟಲ್ಲ. ನಾನು ಕೈ ಎತ್ತಿ ಏನಾದ್ರೂ ಎಸೆದ್ರೆ ಸಾಕು, ಓಡಿಹೋಗಿ ಅಡಗ್ತಾನೆ. ಮುಂದೇನು ಮಾಡ್ಲಿ ಅಂತ ನಿಮ್ಮನ್ನೇ ಕೇಳೋಣ ಅಂತಿದ್ದೆ."

ಅವನು ಇನ್ನೂ ಅವಳನ್ನೇ ಕೇಳಬೇಕೆಂದಿದ್ದ! ನೆಲ ಬಾಯಿ ಬಿಡಬಾರದೇ ಅನ್ನಿಸಿತು ಹೆಸ್ಟರಳಿಗೆ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಲೆನ್, ಕಚ್ಚಿದ್ದು ಕಸ್ಟರ್ಡ್ ಅಲ್ಲ. ನನ್ನ ಫರ್ನ್. ಅದರ ಹಲ್ಲು ಸೀಳಿತ್ತು, ನಾನು ನೋಡಿರ್ಲಿಲ್ಲ. ಅದು ತಂದ ಹಕ್ಕಿ ನನ್ನ ಶೆಡ್ಡಲ್ಲೇ ಇದೆ, ಈಗ ಒತ್ತಿ ನೋಡಿ ಬಂದೆ. ನೀನು ಹೇಳಿದ್ದೇ ನಿಜ. ನಂದು ತಪ್ಪು. ತಂತಿ ವಿಷ್ಯಾನೂ... ನಾನು ನನ್ನ ಯಾವ ನಾಯಿಗೂ ಹಾಗೆ ಮಾಡ್ದವಳಲ್ಲ."

ಕೆಟಲು ಕೂಗಿತು, ಲೆನ್ ಅದನ್ನು ಇಳಿಸಲಿಲ್ಲ. ಅವನು ಬೈಯಲಿ ಎಂದು ಹೆಸ್ಟರ್ ಕಾದಳು. ಬೈದಿದ್ದರೆ ಅವಳಿಗೆ ಒಂದಿಷ್ಟು ಹಗುರವಾಗುತ್ತಿತ್ತು. ಅವನು ಅವಳ ಕಡೆ ತಿರುಗಲೂ ಇಲ್ಲ. ಮಂಡಿಯೂರಿ, ಮೇಜಿನ ಕೆಳಗೆ ತಲೆ ಹಾಕಿ ನಾಯಿಯ ಜೊತೆ ಮಾತಾಡಿದ.

"ನೀನು ಕಚ್ಚೇ ಇರ್ಲಿಲ್ಲ ಕಣೋ," ಎಂದ. "ನಂಗೆ ಗೊತ್ತಿತ್ತು. ನನ್ನ ಕೈಗೆ ಗೊತ್ತಿತ್ತು. ಗೊತ್ತಿದ್ದೂ ಸುತ್ತಿದೆನಲ್ಲೋ ತಂತಿನ." ಆಮೇಲೆ, ಎದ್ದೇಳದೆಯೇ, ಹೆಸ್ಟರಳಿಗೆ ಹೇಳಿದ: "ನೀವು ಹೋಗಿ ಮಿಸೆಸ್ ಐವ್ಸನ್. ನಿಮ್ಮನ್ನ ಬೈಯೋಕೂ ನಂಗೆ ಮುಖ ಇಲ್ಲ."

ಆ ಶನಿವಾರ ಊರ ಪಬ್ಬಿನಲ್ಲಿ ಕೀಪರನ ಊಟ. ಬೇಟೆಗಾಲದ ಕೊನೆಗೆ ಸೋವಿದವರು, ಹೆಕ್ಕಿಸಿದವರು, ಗಾಡಿಯವನು ಎಲ್ಲ ಒಟ್ಟಿಗೆ ಕೂತು ಬೇಟೆಮಾಂಸದ ಪೈ ತಿನ್ನುತ್ತಾರೆ, ಆಮೇಲೆ ರೆಗ್ ಆ ವರ್ಷದ ಒಳ್ಳೆಯ ನಾಯಿಯ ಹೆಸರು ಹೇಳಿ ಎಲ್ಲರಿಂದ ಲೋಟ ಎತ್ತಿಸುತ್ತಾನೆ. ಲೆನ್ ಬಂದಿರಲಿಲ್ಲ. ರೆಗ್ ಎದ್ದು, "ಹೆಸರು ಹೇಳೋದೇ ಬೇಡ, ನಿಮಗೇ ಗೊತ್ತು. ಮತ್ತೆ ನಮ್ಮ ಫರ್ನ್!" ಎಂದ. ಲೋಟಗಳು ಮೇಲೆದ್ದವು. ಹೆಸ್ಟರ್ ಎದ್ದು ನಿಂತು, ಲೋಟಗಳನ್ನು ಕೆಳಗಿಡಿ ಎಂದು ಹೇಳಿ, ಎಲ್ಲವನ್ನೂ ಹೇಳಿದಳು. ಹಲ್ಲು, ಶೆಡ್ಡಿನ ಹಕ್ಕಿಗಳು, ಲೆನ್‌ನ ಬೆರಳು. ಲೆನ್‌ಗೆ ತಾನು ಕಲಿಸಿದ ತಂತಿಯ ಮದ್ದನ್ನೂ ಬಿಡಲಿಲ್ಲ. ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಮಕ್ಕಳಂತೆ ಅವಳ ದನಿ ಮಧ್ಯೆ ಮಧ್ಯೆ ಕೈಕೊಟ್ಟಿತು.

ರೆಗ್ ಗಂಟಲು ಸರಿಮಾಡಿಕೊಂಡ. "ಅಯ್ಯೋ ಬಿಡೇ ಹೆಸ್ಟರ್, ಯಾರಿಗಾದ್ರೂ ಆಗೋದೇ. ಹಲ್ಲು ನೋವು ಅಂದ್ರೆ ಪಾಪ ನಾಯಿ ಏನ್ಮಾಡತ್ತೆ? ಕೂತ್ಕೋ, ಪೈ ಆರೋಗ್ತಿದೆ." ಯಾರೋ ಅವಳ ಬೆನ್ನು ಸವರಿದರು. ಇನ್ಯಾರೋ ಫರ್ನ್ ಈಗ ಹೇಗಿದೆ, ಊಟ ಮಾಡ್ತಿದೆಯಾ ಎಂದು ವಿಚಾರಿಸಿದರು. ಲೆನ್‌ನ ನಾಯಿಗೆ ತೋರಿಸದ ಕನಿಕರವೆಲ್ಲ ಒಂದೇ ಸಲಕ್ಕೆ ಫರ್ನ್‌ನ ಪಾಲಿಗೆ ಬಂದಿತ್ತು. ಅವಳಿಗೆ ಅದು ಕಪಾಳಕ್ಕೆ ಹೊಡೆದಂತೆ ಆಯಿತು.

"ಲೆನ್‌ಗೆ ಹೇಳು, ಅಕ್ಟೋಬರಿಗೆ ಕಸ್ಟರ್ಡ್‌ನ ಕರ್ಕೊಂಡು ಬರ್ಲಿ," ಎಂದ ರೆಗ್. "ಅಲ್ಲಿಗೆ ಎಲ್ಲಾ ಸರಿಹೋಯ್ತು."

"ಆ ನಾಯಿ ಇನ್ನು ಬರಲ್ಲ ರೆಗ್. ಹೆಕ್ಕೋದನ್ನೇ ಬಿಟ್ಟಿದೆ. ಅವನ ಕೈ ಕಂಡ್ರೆ ಹೆದರತ್ತೆ."

ಮೇಜಿನ ಸುತ್ತ ಕೂತವರು ಒಬ್ಬೊಬ್ಬರಾಗಿ ತಟ್ಟೆ ನೋಡತೊಡಗಿದರು. ಹೆಸ್ಟರಳಿಗೆ ಸಿಟ್ಟು ಬಂತು. ತನ್ನ ಮೇಲೆ ಬಂದದ್ದೋ ಅವರ ಮೇಲೆ ಬಂದದ್ದೋ ಅವಳಿಗೇ ಗೊತ್ತಾಗಲಿಲ್ಲ.

"ಅವತ್ತು ಅವನು ನಿಜ ಹೇಳಿದಾಗ ಎಲ್ಲಾ ಹಲ್ಲು ಕಿರಿದು ನಕ್ಕಿರಲ್ಲ," ಎಂದಳು. "ಈಗ ನಗ್ರೋ ನನ್ನ ನೋಡಿ. ಯಾಕೆ ನಗಲ್ಲ?"

ಸೆತ್ ಪೀಕಾಕ್ ಫೋರ್ಕು ಕೆಳಗಿಟ್ಟ. ಅವನಿಗೆ ಹೆಸ್ಟರ್ ಇಂದಿಗೂ ಹಳೆಯ ಕೀಪರನ ಪುಟ್ಟ ಮಗಳೇ. ದನಿಯಲ್ಲಿ ಸಿಟ್ಟು ಇರಲಿಲ್ಲ.

"ಅವತ್ತು ನಗಿಸಿದ್ದು ನೀನೇ ಅಲ್ವೇನೇ ಹುಡುಗಿ," ಎಂದ.

ಹೆಸ್ಟರ್ ಕೂತಳು. ರೆಗ್ ಅವಳ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದ, ಅವಳು ತಲೆ ಎತ್ತಲಿಲ್ಲ.